ಸೋಮವಾರದ ಇಡ್ಲಿ

ಮದ್ದೂರಿನ ಮೆಕ್ಯಾನಿಕ್ ನಾಸಿರ್ ಸಾಬರ ಮಗಳು ರುಕ್ಸಾರ್ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹಿಡಿದು ಒಂಬತ್ತು ವರ್ಷವಾಯಿತು. ಗಾಯ ತೊಳೆಯುತ್ತಾಳೆ, ಬಿ.ಪಿ. ನೋಡುತ್ತಾಳೆ, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸುವವರೆಗೂ ಮನೆಯವರ ಬೆನ್ನು ಬಿಡುವುದಿಲ್ಲ. ಸುಮ್ಮನಿದ್ದು ಎಲ್ಲವನ್ನೂ ಗಮನಿಸುವುದು ಅವಳ ಸ್ವಭಾವ. ಹಾಗೆ ಗಮನಿಸಿಯೇ ಅವಳಿಗೆ ಕುಸುಮಳ ಮೇಲೆ ಅನುಮಾನ ಹುಟ್ಟಿತು.

ಕುಸುಮ ಗೆಜ್ಜಲಗೆರೆಯ ಕಾರ್ಖಾನೆಗೆ ಹೋಗುವ ಸೊಸೆ. ಅತ್ತೆ ಶಿವನಂಜಮ್ಮನಿಗೆ ಎಪ್ಪತ್ತೆರಡು, ಸಕ್ಕರೆ ಕಾಯಿಲೆ. ಬೆಳಿಗ್ಗೆ ರುಕ್ಸಾರ್ ಇನ್ಸುಲಿನ್ ಚುಚ್ಚಿ ಮುಂದಿನ ಮನೆಗೆ ಹೋಗುತ್ತಾಳೆ. ಹನ್ನೊಂದಕ್ಕೆ ಮತ್ತೆ ಬಂದು ನೋಡುತ್ತಾಳೆ. ಮೂರು ಸೋಮವಾರದಿಂದ ಆ ಹೊತ್ತಿಗೆ ಅಜ್ಜಿ ಬೆವತು ನಡುಗುತ್ತಿದ್ದಳು, ರಕ್ತದ ಸಕ್ಕರೆ ಅರವತ್ತಕ್ಕೂ ಕೆಳಗೆ. ಇನ್ಸುಲಿನ್ ಚುಚ್ಚಿದ ಮೇಲೆ ಹೊಟ್ಟೆಗೆ ಏನೂ ಬೀಳದಿದ್ದರೆ ಹೀಗಾಗುತ್ತದೆ. ಹೋದ ವಾರ ಒಗೆಯುವ ಕಲ್ಲಿನ ಬಳಿ ಬಿದ್ದು ಹಣೆ ಒಡೆದುಕೊಂಡಳು. ಇನ್ನೊಮ್ಮೆ ಹೀಗೆ ಬಿದ್ದಾಗ ಹತ್ತಿರ ಯಾರೂ ಇಲ್ಲದಿದ್ದರೆ ಜೀವಕ್ಕೇ ಕುತ್ತು.

ಕುಸುಮ ಅತ್ತೆಗೆಂದು ಇಟ್ಟು ಹೋಗುವ ತಿಂಡಿಯ ಡಬ್ಬಿ ಮಾತ್ರ ಪ್ರತಿ ಸಲವೂ ತೊಳೆದು ಬೋರಲು ಹಾಕಿರುತ್ತಿತ್ತು. ಅದರಲ್ಲಿ ತಿಂಡಿ ಇತ್ತೋ ಇಲ್ಲವೋ, ಕಂಡವರಾರು?

"ಅಜ್ಜಿ ತಿಂಡಿ ತಿಂತಾವ್ರಾ, ಕುಸುಮಾ?"

"ಇದೇನ್ ಇಂಗ್ ಕೇಳ್ತೀರಾ ರುಕ್ಸಾರಕ್ಕ? ನಾನೇನ್ ಉಪಾಸ ಕೆಡವಿದ್ದೀನಾ?" ಕುಸುಮಳ ಕಣ್ಣು ಇನ್ಸುಲಿನ್ ಸೀಸೆಯ ಮೇಲಿತ್ತು. "ನೀವು ಅಳತೆ ಸರ್ಯಾಗಿ ನೋಡೇ ಚುಚ್ತೀರಾ ತಾನೆ?"

ರುಕ್ಸಾರ್ ಸೀಸೆಯನ್ನು ಎತ್ತಿಟ್ಟಳು. ಒಳಗೊಳಗೇ ಉರಿದಳು.

ಈ ಸೋಮವಾರ ಕುಸುಮ ಬಸ್ಸಿಗೆ ಹೊರಟ ಮೇಲೆ ರುಕ್ಸಾರ್ ಇನ್ಸುಲಿನ್ ಚುಚ್ಚಿದಳು. "ಇಡ್ಲಿ ಆರ್ಲಿ, ತಿಂತೀನಿ. ನೀನ್ ಓಗವ್ವ," ಎಂದಳು ಅಜ್ಜಿ, ಎಂದಿನಂತೆ. ರುಕ್ಸಾರ್ ಬೀದಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಹಿತ್ತಲ ಕಡೆಯಿಂದ ನಡೆದು ಬಂದಳು. ಡಬ್ಬಿ ಖಾಲಿಯಿದ್ದರೆ ಅಜ್ಜಿಯ ಮಗ, ಕುಸುಮಳ ಗಂಡ ರಾಜೇಂದ್ರನಿಗೆ ಇವತ್ತೇ ಫೋನು ಮಾಡುವುದೆಂದು ಗಟ್ಟಿ ಮಾಡಿಕೊಂಡಿದ್ದಳು.

ಡಬ್ಬಿ ಖಾಲಿಯಿರಲಿಲ್ಲ. ಅಜ್ಜಿ ಬೇಲಿಯ ಬಳಿ ನಿಂತು ಪಕ್ಕದ ಮನೆಯ ಎಮ್ಮೆಗೆ ಒಂದೊಂದಾಗಿ ಇಡ್ಲಿ ತಿನ್ನಿಸುತ್ತಿದ್ದಳು.

"ಅಜ್ಜೀ!"

"ಕಿರುಚ್ಬೇಡ ಕಣವ್ವ. ಸೋಮವಾರ ಒಪ್ಪೊತ್ತು ಇವ್ನಿ. ಆಸ್ಗೆ ಇಡೀದಂಗೆ ಕಾಲ್ಮೇಲೇ ಓಗ್ಬುಡ್ಬೇಕು ಅಂತ ದ್ಯಾವ್ರಿಗೆ ಅರಕೆ. ಬಾಯ್ಬುಟ್ರೆ ಫಲ ಇಲ್ಲ."

"ಸೂಜಿ ತಕಂಡು ಉಪಾಸ ಇದ್ರೆ ಆಸ್ಗೆನೇ ಗತಿ ಅಜ್ಜಿ! ಸಕ್ರೆ ಇಳ್ದು ಬೀಳ್ದೆ ಇನ್ನೇನಾಯ್ತದೆ?"

"ರಂಜಾನಲ್ಲಿ ನೀರೂ ಕುಡೀದೋಳು ನಂಗೆ ಯೋಳಕ್ ಬಂದ್ಲು!"

"ನಮ್ಮಜ್ಜಿ ಮಹಬೂಬ್ ಬೀಗೂ ಸಕ್ರೆ ಐತೆ. ಡಾಕ್ಟ್ರು ಬ್ಯಾಡ ಅಂದ್ರು. ಉಪಾಸದ ಬದ್ಲು ದಿನಾ ಒಬ್ರು ಬಡವ್ರಿಗೆ ಊಟ ಆಕ್ತಾರೆ. ದೇವ್ರು ಒಪ್ಕೋತಾನೆ."

ಅಜ್ಜಿ ಯೋಚಿಸಿದಳು. "ಎಮ್ಮೆಗೆ ಆಕಿದ್ದು ಲೆಕ್ಕಕ್ಕೆ ಬತ್ತದಾ?"

"ಬರಾಕಿಲ್ಲ."

ರುಕ್ಸಾರ್ ಉಳಿದ ಎರಡು ಇಡ್ಲಿ, ಒಂದು ಲೋಟ ಹಾಲು ಇಟ್ಟು, ತಿಂದು ಮುಗಿಸುವವರೆಗೂ ಎದುರಿಗೇ ಕೂತಳು. ಮೊದಲಿನಿಂದಲೂ ಹೀಗೆ ಕೂರಬೇಕಿತ್ತು. ಚುಚ್ಚಿದ ಕೂಡಲೇ ಎದ್ದು ಹೋಗುತ್ತಿದ್ದದ್ದು ತನ್ನದೇ ತಪ್ಪು.

"ಕುಸುಮಂಗೆ ಯೋಳ್ಬೇಡ," ಎಂದಳು ಅಜ್ಜಿ.

"ಯೋಳ್ದೆ ಇರಕ್ಕಾಗಲ್ಲ. ಮನಸ್ನಲ್ಲೇ ಅವಳನ್ನ ಪಾಪಿ ಮಾಡ್ಬುಟ್ಟಿದ್ದೆ."

ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನಿನಲ್ಲಿ ಎಲ್ಲ ಕೇಳಿದ ಕುಸುಮ ತನ್ನ ತಪ್ಪನ್ನೂ ಹೇಳಿಕೊಂಡಳು.

"ಅಕ್ಕ, ನಿಮ್ಮನ್ನ ಬಿಡ್ಸಿ ಬೇರೆಯೋರ್ನ ಕರ್ಸವ ಅಂತ ಇವ್ರಿಗೆ ಯೋಳ್ಬುಟ್ಟಿದ್ದೆ."

"ನಾನೂ ನಿನ್ ಮೇಲೆ ಅವ್ರಿಗೇ ಫೋನ್ ಮಾಡವ ಅಂತಿದ್ದೆ."

ಇಬ್ಬರಿಗೂ ನಗು ಬರಲಿಲ್ಲ.

"ನಾಳೆ ರಜಾ ಆಕ್ತೀನಿ, ಡಾಕ್ಟ್ರತ್ರ ಮೂರು ಜನನೂ ಓಗವ," ಎಂದಳು ಕುಸುಮ. ಆಮೇಲೆ ತಡೆದು ತಡೆದು ಕೇಳಿದಳು: "ಇವತ್ತು ನಾನ್ ಬರಗಂಟ ಅತ್ತೆ ತಾವ ಇರ್ತೀರಾ?"

"ಇರ್ತೀನಿ," ಎಂದಳು ರುಕ್ಸಾರ್.