ಬಟ್ಟೆಯ ಹಿಂಬದಿ

ನಮ್ಮ ಕಸೂತಿ ಕೋಣೆಯಲ್ಲಿ ಆಕೆಯನ್ನು ಎಲ್ಲರೂ ಬಾಗಿಲಮ್ಮ ಎನ್ನುತ್ತಿದ್ದರು. ಲಾಂಡ್ರಿಯ ಮಹಡಿಯ ಮೇಲಿನ ಕೋಣೆ ಅದು, ಬೆಳಕಿರುವುದು ಕಿಟಕಿಯ ಹತ್ತಿರ ಮಾತ್ರ. ಸೂಜಿ ಹಿಡಿಯುವವರು ಮೊದಲು ಅಲ್ಲಿಗೆ ನುಗ್ಗುತ್ತಾರೆ. ಈಕೆ ಬಾಗಿಲಿಂದ ಎರಡೇ ಹೆಜ್ಜೆಯಲ್ಲಿ ಕುರ್ಚಿ ಹಾಕಿಕೊಂಡು ಕತ್ತಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹೊಲಿಯುವಳು. ಚಪ್ಪಲಿಯನ್ನೂ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಹನ್ನೊಂದರ ಮಗಳು.

ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ. ಅಲ್ಲಿದ್ದ ಇಪ್ಪತ್ತು ಹೆಂಗಸರಲ್ಲಿ ಊರು ಬಿಟ್ಟು ಬರದವರು ಯಾರಿದ್ದರು? ಆಸ್ಪತ್ರೆಯ ನೆಲ ಒರೆಸುವವಳು, ಮಕ್ಕಳನ್ನು ನೋಡಿಕೊಳ್ಳುವವಳು, ಹೋಟೆಲಿನಲ್ಲಿ ತರಕಾರಿ ಹೆಚ್ಚುವ ನಾನು. ಶನಿವಾರದ ಎರಡು ಗಂಟೆ ನಾಲ್ಕು ಮಾತಾಡಿ ಹಗುರಾಗಲೆಂದೇ ನಾವೆಲ್ಲ ಬರುತ್ತಿದ್ದೆವು. ಆಕೆಗೆ ಮಾತ್ರ ಬಾಯಿ ಬಿಟ್ಟರೆ ಬಣ್ಣಗೇಡು.

ಮೊದಲ ದಿನ ಟೀಚರು ಬಿಸ್ಕತ್ತಿನ ಡಬ್ಬಿಗಳಿಂದ ದಾರ ಹಂಚಿ, "ನೀವು ಬಿಟ್ಟುಬಂದ ಮನೆ ಹೊಲೀರಿ" ಅಂದರು.

"ಇದನ್ನ ಯಾರು ನೋಡ್ತಾರೆ?" ಅಂದಳು ಬಾಗಿಲಮ್ಮ.

"ಬಂದವರು ನೋಡ್ತಾರಮ್ಮ."

"ಬಂದವರು ಅಂದ್ರೆ ಯಾರು?"

ಟೀಚರು ನಕ್ಕು ಮುಂದೆ ಹೋದರು. ನಾವೆಲ್ಲ ಸೂರು, ಬಾವಿ, ಮೆಟ್ಟಿಲು ಹೊಲಿದೆವು. ಆಕೆ ಮೂರು ತಿಂಗಳು ಬರೀ ಎಲೆ ಹೊಲಿದಳು. "ದಾರ ಬಿಟ್ಟಿ, ಚಹಾ ಬಿಟ್ಟಿ. ಬಿಟ್ಟಿ ಕೊಡೋರು ಆಮೇಲೆ ಏನೋ ಕೇಳ್ತಾರೆ, ನೋಡ್ತಿರು" ಎಂದು ಮಗಳಿಗೆ ಪಿಸುಗುಟ್ಟಿದ್ದು ಒಳಗೆ ಬರುತ್ತಿದ್ದ ನನ್ನ ಕಿವಿಗೆ ಬಿತ್ತು. ಆ ಪಿಸುಮಾತಿನ ರಾಗ ನಮ್ಮ ಸೀಮೆಯದೇ. ಖುಷಿಯಾಗಿ ಹೋಗಿ ಕೇಳಿದರೆ, "ನಾನು ಆ ಕಡೆಯವಳಲ್ಲ" ಎಂದು ಮುಖ ತಿರುಗಿಸಿದಳು.

ನನಗೂ ಅನುಮಾನ ಹತ್ತಿತು. ಹುಟ್ಟಿದ ಊರನ್ನೇ ಮುಚ್ಚಿಡುವವಳು ಎಂಥವಳು? ನಮ್ಮ ಮಾತನ್ನೆಲ್ಲ, ಇಲ್ಲಿರಲು ಚೀಟಿ ಕೊಡುವ ಪರವಾನಗಿ ಕಚೇರಿಗೆ ಸಾಗಿಸುವವಳೋ ಏನೋ. ಸಾಲದ್ದಕ್ಕೆ, ತಾನು ಹೊಲಿದದ್ದಕ್ಕೂ ಮಗಳು ಹೊಲಿದದ್ದಕ್ಕೂ ಹಿಂದೆ ಹಳೇ ದಿಂಬಿನ ಚೀಲದ ತುಂಡನ್ನು ಲೈನಿಂಗ್ ಕೊಡುತ್ತಿದ್ದಳು. ಗೋಡೆಗೆ ತಗುಲಿಸುವ ಬಟ್ಟೆಗೆ ಲೈನಿಂಗ್ ಯಾಕೆ?

ಒಂದು ಶನಿವಾರ ಹುಡುಗಿ ನೀರು ಕುಡಿಯಲು ಎದ್ದಾಗ ಇಬ್ಬರ ಫ್ರೇಮುಗಳೂ ಜಾರಿ, ದಾರ ತರಲು ಆ ಕಡೆ ಹೋಗಿದ್ದ ನನ್ನ ಕಾಲ ಬಳಿ ಬೋರಲು ಬಿದ್ದವು. ಲೈನಿಂಗ್ ಇನ್ನೂ ಹಾಕಿರಲಿಲ್ಲ.

ನಮ್ಮ ಸೀಮೆಯಲ್ಲಿ ಮುದುಕಿಯರು ಬಟ್ಟೆಯ ಮುಂದನ್ನು ಆಮೇಲೆ ನೋಡುತ್ತಾರೆ, ಹಿಂಬದಿಯನ್ನು ಮೊದಲು. ದಾರದ ಕೊನೆ ಕಟ್ಟುವ ರೀತಿ ಮನೆಗೊಂದು. ಮದುವೆಯಾಗಿ ಬಂದವಳು ಅತ್ತೆಯ ಗಂಟು ಕಲಿಯುತ್ತಾಳೆ, ಅದನ್ನೇ ಮಗಳಿಗೆ ಕಲಿಸುತ್ತಾಳೆ. ತಾಯಿಗೊಂದು ಗಂಟು, ಮಗಳಿಗೊಂದು ಗಂಟು ಎಂಬುದೇ ಇಲ್ಲ. ಬಾಗಿಲಮ್ಮನ ಬಟ್ಟೆಯಲ್ಲಿ ಗಂಟೇ ಇರಲಿಲ್ಲ, ತುದಿಯನ್ನು ಹೊಲಿಗೆಯ ಅಡಿಗೆ ತೂರಿಸಿದ್ದಳು. ಹುಡುಗಿಯದರಲ್ಲಿ ಇರುವೆ ಗಾತ್ರದ ಜೋಡಿಗಂಟುಗಳು.

ಅಂದರೆ ಹುಡುಗಿಯನ್ನು ಹೆತ್ತವಳು ಬೇರೆ. ಕಚೇರಿಯವರು ತಾಯಿ-ಮಕ್ಕಳನ್ನು ಒಟ್ಟಿಗೆ ಇರಗೊಡುತ್ತಾರೆ. ತಾಯಿಯಿಲ್ಲದ ಮಗುವನ್ನು ಅನಾಥಾಲಯಕ್ಕೆ ಒಯ್ಯುತ್ತಾರೆ. ಅತ್ತೆ, ಚಿಕ್ಕಮ್ಮ, ಅಜ್ಜಿ ಯಾರೂ ಅವರ ಲೆಕ್ಕಕ್ಕಿಲ್ಲ. ಇದು ನಮಗೆಲ್ಲ ಗೊತ್ತಿದ್ದದ್ದೇ.

ಬಾಗಿಲಮ್ಮ ಫ್ರೇಮುಗಳನ್ನು ಕಿತ್ತುಕೊಂಡಳು. "ಏನ್ ನೋಡ್ತಿದ್ದೀರಿ?"

"ಏನಿಲ್ಲ. ಚೆನ್ನಾಗಿದೆ."

"ಚೆನ್ನಾಗಿರೋದು ಮುಂದಿದೆ."

ನನಗೆ ತಿಳಿಯಿತೆಂದು ಅವಳಿಗೆ ತಿಳಿಯಿತು.

ಗ್ರಹಚಾರ ನೋಡಿ. ಮುಂದಿನ ವಾರವೇ ಟೀಚರು ಪ್ರದರ್ಶನದ ಸುದ್ದಿ ತಂದರು. ಕೋಣೆಯ ನಡುವೆ ಹಗ್ಗ ಕಟ್ಟಿ ಬಟ್ಟೆಗಳನ್ನು ಎರಡೂ ಕಡೆ ಕಾಣುವಂತೆ ತೂಗುಹಾಕುತ್ತಾರಂತೆ. ಲೈನಿಂಗ್ ಬೇಡವಂತೆ. ಅತಿಥಿ ಪರವಾನಗಿ ಕಚೇರಿಯ ಅಧಿಕಾರಿಣಿಯಂತೆ. ಬಾಗಿಲಮ್ಮ ತಲೆಯೆತ್ತಿ ನೋಡಿದ್ದು ಟೀಚರನ್ನಲ್ಲ, ನನ್ನನ್ನು. ಚಾಡಿ ಹೇಳಿದವಳು ನಾನೇ ಎಂದು ಅವಳು ತೀರ್ಮಾನಿಸಿಯಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರ ಹಾಗೆ ನಾನೂ ತಪ್ಪು ಮಾಡದೆಯೇ ಕಣ್ಣು ತಗ್ಗಿಸಿದೆ. ಆ ಅಧಿಕಾರಿಣಿಗೆ ನಮ್ಮ ಗಂಟು ಓದಲು ಎಲ್ಲಿಂದ ಬರಬೇಕು? ಇಷ್ಟು ಸಣ್ಣ ವಿಷಯ ಅವಳಿಗೆ ಹೊಳೆಯಲಿಲ್ಲ. ನಿಜ ಹೇಳುತ್ತೇನೆ, ನನಗೂ ಹೊಳೆಯಲಿಲ್ಲ.

ಪ್ರದರ್ಶನದ ದಿನ ಹುಡುಗಿಯ ಬಟ್ಟೆ ಹಗ್ಗದ ನಡುವೆ ತೂಗುತ್ತಿತ್ತು. ಮುಂದೆ ಹಳದಿ ಹೂಗಳು. ಹಿಂದೆ ಹೋಗಿ ನೋಡಿದೆ. ಒಂದು ಗಂಟೂ ಇಲ್ಲ. ಬಾಗಿಲಮ್ಮ ಕತ್ತರಿಯಿಂದ ಒಂದೊಂದನ್ನೂ ಕತ್ತರಿಸಿ ತೆಗೆದಿದ್ದಳು. ನನಗೆ ಸಿಟ್ಟು ಬಂತು.

ಅಧಿಕಾರಿಣಿ ಬಂದರು. ಎಲ್ಲದರ ಮುಂದನ್ನೇ ನೋಡುತ್ತ, ಚೆಂದ ಚೆಂದ ಎನ್ನುತ್ತ ನಡೆದರು. ಹಿಂದಕ್ಕೆ ಇಣುಕಲೂ ಇಲ್ಲ. ಹುಡುಗಿಯ ಬಟ್ಟೆಯ ಮುಂದೆ ನಿಂತಾಗ ಒಂದು ಎಳೆ ಜೋತಾಡುತ್ತಿದ್ದುದು ಕಣ್ಣಿಗೆ ಬಿತ್ತು. ಅಚ್ಚುಕಟ್ಟಿನ ಹೆಂಗಸು, ಸುಮ್ಮನೆ ಎಳೆದರು. ಇಡೀ ಎಸಳು ಬಿಚ್ಚಿ ಬೆರಳಿಗೆ ಬಂತು. ಹಿಂದೆಯೇ ಇನ್ನೊಂದು ಎಸಳು.

"ಇದೇನಿದು, ಹೀಗೆ ಬಿಚ್ಚಿಕೊಳ್ತಿದೆ? ಈ ಮಗೂಗೆ ಯಾರು ಹೇಳಿಕೊಟ್ಟಿದ್ದು?"

ಹುಡುಗಿ ತುಟಿ ಕಚ್ಚಿ ಅಳು ತಡೆದಳು. ಬಾಗಿಲಮ್ಮ ನನ್ನತ್ತ ನೋಡಿದಳು. ಏಟು ಬೀಳುವುದನ್ನು ಕಾಯುವವರು ಹಾಗೆ ನೋಡುತ್ತಾರೆ.

"ನನ್ನ ತಪ್ಪು ಮೇಡಂ," ಅಂದೆ. "ಬೇಗ ಮುಗಿಸು ಅಂತ ನಾನೇ ಅವಸರ ಮಾಡಿದೆ, ಕೊನೆ ಕಟ್ಟೋಕೆ ಬಿಡಲಿಲ್ಲ. ಅವರಮ್ಮ ಬೇಡ ಅಂತಾನೇ ಇದ್ರು."

ಅಧಿಕಾರಿಣಿ ನಕ್ಕು ಚಹಾದ ಕಡೆ ಹೋದರು.

ಮುಂದಿನ ಶನಿವಾರ ಬಾಗಿಲಮ್ಮ ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರ, ನನ್ನ ಪಕ್ಕ ಬಂದಳು. ಚಪ್ಪಲಿ ಕಾಲಲ್ಲೇ ಇತ್ತು.

"ಯಾಕೆ ಹಾಗೆ ಹೇಳಿದ್ರಿ? ನಿಮಗೆ ನನ್ನಿಂದ ಏನಾಗ್ಬೇಕು?"

ನನಗೆ ರೇಗಿತು. "ಏನೂ ಆಗ್ಬೇಕಿಲ್ಲ. ಬೆಳಕಿಗೆ ಅಡ್ಡ ಕೂತಿದ್ದೀರಿ, ಸ್ವಲ್ಪ ಸರೀರಿ."

ಸರಿದಳು. ತುಂಬ ಹೊತ್ತು ಹೊಲಿದಳು. ಆಮೇಲೆ ತಲೆ ಎತ್ತದೆಯೇ, "ಇವಳಮ್ಮ ನನ್ನ ತಂಗಿ. ಬರೋ ದಾರೀಲಿ ಹೋದ್ಲು," ಅಂದಳು. "ಅವಳದು ಅಂತ ಇವಳ ಕೈಲಿ ಉಳಿದಿದ್ದು ಅದೊಂದು ಗಂಟು. ಅದನ್ನೂ ನಾನೇ ಕತ್ತರಿಸಿದೆ."

ಅವಳನ್ನು ಚಾಡಿ ಹೇಳುವವಳೆಂದುಕೊಂಡಿದ್ದಕ್ಕೆ ನನಗೇ ನಾಚಿಕೆಯಾಯಿತು.

ಬಿಚ್ಚಿಹೋದ ಎಸಳನ್ನು ಮತ್ತೆ ಹೊಲಿಯುತ್ತಿದ್ದ ಹುಡುಗಿ ಕೈ ಚಾಚಿದಳು. "ದೊಡ್ಡಮ್ಮ, ಕತ್ತರಿ ಕೊಡು."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಹೊರಗೆ ಅವಳು ಯಾವತ್ತೂ ಆ ಮಾತು ಆಡಿದ್ದಿಲ್ಲ. ಬಾಗಿಲಮ್ಮ ಬಾಗಿಲ ಕಡೆ ನೋಡಿದಳು, ನನ್ನನ್ನು ನೋಡಿದಳು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.

"ತಗೋ," ಅಂದಳು ಅವಳು, ಕತ್ತರಿ ಕೊಡುತ್ತ. "ತುದಿ ಉದ್ದ ಬಿಟ್ಟು ಕತ್ತರಿಸು. ಗಂಟು ಹಾಕೋಕೆ ದಾರ ಸಾಲಬೇಕು."