ಮೂವತ್ತೊಂದನೆಯ ಫೋಟೋ

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಸರ್ಕಾರ ತೆಗೆದ ಫೋಟೋ ಒಂದಿದೆ. ಅದು ನಮ್ಮ ಅಕ್ಕನದು. ಆಧಾರ್ ಕಾರ್ಡಿನ ಮೂಲೆಯಲ್ಲಿ ಅಂಚೆಚೀಟಿಯಷ್ಟಿದ್ದುದನ್ನು ಹಿಗ್ಗಿಸಿ, ಕಟ್ಟು ಹಾಕಿಸಿ, ಮೇಲೊಂದು ಗಂಧದ ಹಾರ ತೊಡಿಸಿದ್ದೇನೆ. ಕಾರ್ಡು ಮಾಡಿಸಿದ ದಿನ ಯಂತ್ರದ ಮುಂದೆ ಕೂತ ಅಕ್ಕ, ಕದಲಬೇಡಿ ಎಂದು ಯಾರೋ ಗದರಿದ್ದಕ್ಕೆ ಕಣ್ಣು ಅಗಲಿಸಿ, ತುಟಿ ಬಿಗಿಹಿಡಿದು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಕೂತಿದ್ದಳು. ಹಿಗ್ಗಿಸಿದಾಗ ಮುಖದ ಗೆರೆಗಳು ಕದಡಿಹೋದವು, ಭಯವೊಂದು ಮಾತ್ರ ಸ್ಪಷ್ಟವಾಗಿ ಉಳಿಯಿತು. ಮನೆಗೆ ಬಂದವರು ಕೈಮುಗಿದು, ಒಂದು ಗಳಿಗೆ ದಿಟ್ಟಿಸಿ, "ಅಕ್ಕಾರು ಹಿಂಗಿರಲಿಲ್ಲ ಬಿಡ್ರಿ" ಎಂದು ಹೇಳಿ ಚಹಾಕ್ಕೆ ಕೂರುತ್ತಾರೆ. ಹೀಗಿರಲಿಲ್ಲ, ನಿಜ. ಹೇಗಿದ್ದಳು ಎಂದು ತೋರಿಸಲು ನನ್ನ ಬಳಿ ಮತ್ತೊಂದು ಫೋಟೋ ಇಲ್ಲ.

ನಗಬೇಡಿ, ಇದನ್ನು ಹೇಳುತ್ತಿರುವವನು ಮೂವತ್ತು ವರ್ಷ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ತಿರುಗಿದ ಮನುಷ್ಯ. ಖಾನಾಪುರದ ಶಾಲೆಯಲ್ಲಿ ನಾನು ಡ್ರಾಯಿಂಗ್ ಮಾಸ್ತರನಾಗಿದ್ದೆ. ಊರಿನ ಎಮ್ಮೆಗಳ, ಗೋಡಂಬಿ ಗಿಡಗಳ, ನಂದಗಡದ ಸಂತೆಯ ಮೆಣಸಿನಕಾಯಿ ರಾಶಿಗಳ ಫೋಟೋಗಳು ನನ್ನ ಟ್ರಂಕಿನಲ್ಲಿ ಪದರು ಪದರಾಗಿ ಬಿದ್ದಿವೆ. ನನಗೆ ಅನ್ನ ಹಾಕಿ ಬೆಳೆಸಿದವಳ ಒಂದು ಚಿತ್ರ ಅದರಲ್ಲಿಲ್ಲ. ಪಾರಿಶ್ವಾಡದ ನಮ್ಮ ಮನೆಗೆ ಅಕ್ಕ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಮರಳಿದ್ದಳು. ಗಂಡ ಸತ್ತವಳು ಶುಭಕಾರ್ಯದ ಫೋಟೋದಲ್ಲಿ ಬರಬಾರದು ಎಂದು ಹಿರಿಯರೊಬ್ಬರು ಯಾವುದೋ ಮದುವೆಯಲ್ಲಿ ಹೇಳಿದರಂತೆ. ಅವರು ಹೇಳಿದ್ದು ಒಂದೇ ಸಲ, ಅವಳು ಪಾಲಿಸಿದ್ದು ಜನ್ಮವಿಡೀ. ನಾನು ಮದುವೆಯಾಗಲಿಲ್ಲ, ಕೆಲಸ ಸಿಕ್ಕ ಮೇಲೆ ಅವಳನ್ನೂ ಖಾನಾಪುರಕ್ಕೆ ಕರೆತಂದೆ. ನಮ್ಮಿಬ್ಬರದೇ ಆದ ಮನೆಯಲ್ಲಿ ಕೂಡ ನಾನು ಕ್ಯಾಮೆರಾ ಕೈಗೆತ್ತಿಕೊಂಡರೆ ಸಾಕು, ಅವಳಿಗೆ ಅಡಿಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ನನ್ನ ಹುಚ್ಚಿಗೆ ಬೆಳಗಾವಿಯೇ ಆಸ್ಪತ್ರೆ. ದೊಡ್ಡ ಶಹರವೆಂದರೆ ನಿಮಗೆ ಮುಂಬೈಯೋ ಪುಣೆಯೋ ಇರಬಹುದು, ಖಾನಾಪುರದವನಿಗೆ ಬೆಳಗಾವಿಯೇ ಸಾಕಷ್ಟು ದೊಡ್ಡದು. ತಿಂಗಳಿಗೊಮ್ಮೆ ಬಸ್ಸು ಹಿಡಿದು ಹೋಗಿ, ಮನೆಗೆ ಬೇಕಾದ ಸಾಮಾನನ್ನು ಅರ್ಧ ಮರೆತು, ಖಡೇಬಜಾರದಿಂದ ಗಣಪತ ಗಲ್ಲಿಗೆ, ಅಲ್ಲಿಂದ ಕ್ಯಾಂಪಿಗೆ ನಡೆಯುತ್ತಿದ್ದೆ. ಆ ದಾರಿಯಲ್ಲಿ ಆಗ ನಾಲ್ಕು ಕ್ಯಾಮೆರಾ ಅಂಗಡಿಗಳಿದ್ದವು. ಒಬ್ಬರು ನಿಂತರೆ ಇನ್ನೊಬ್ಬರು ಹೊರಗಿರಬೇಕಾದಷ್ಟು ಇಕ್ಕಟ್ಟಾದ ಆ ಅಂಗಡಿಗಳಲ್ಲಿ ಗಾಜಿನ ಕಪಾಟು, ಅದರೊಳಗೆ ಬೆಕ್ಕಿನ ಕಣ್ಣಿನಂಥ ಲೆನ್ಸುಗಳು, ಫಿಲ್ಮು ತೊಳೆಯುವ ಔಷಧದ ಹುಳಿ ವಾಸನೆ, ಎಲ್ಲಕ್ಕಿಂತ ಮಿಗಿಲಾಗಿ ಒಂದೇ ಒಂದು ವಿಷಯವನ್ನು ಆಳವಾಗಿ ಬಲ್ಲ, ಉಳಿದ ಲೋಕದ ಬಗ್ಗೆ ಏನೂ ಗೊತ್ತಿಲ್ಲದ ಮಾಲೀಕರು. ಎಲ್ಲವನ್ನೂ ಮಾರುವವನು ಗಿರಾಕಿಯ ಕೈ ನೋಡುತ್ತಾನೆ, ಒಂದನ್ನೇ ಮಾರುವವನು ಗಿರಾಕಿಯ ಕ್ಯಾಮೆರಾ ನೋಡುತ್ತಾನೆ. ಅಲ್ಲಿ ನನಗೆ ಏನನ್ನೂ ಕೊಳ್ಳದೆ ಒಂದು ಗಂಟೆ ಕೂರುವ ಅಧಿಕಾರವಿತ್ತು. ಎಲ್ಲರೂ ಡಿಜಿಟಲ್ಲಿಗೆ ಹೋದ ಮೇಲೂ ನಾನು ಫಿಲ್ಮಿನ ರೋಲು ಬಿಡದೇ ಇದ್ದುದಕ್ಕೆ ಕಲೆಯ ಕಾರಣಗಳನ್ನು ಹೇಳುತ್ತಿದ್ದೆ, ಖರೇ ಕಾರಣ ಈ ಅಂಗಡಿಗಳೇ.

ಒಂಬತ್ತು ವರ್ಷಗಳ ಹಿಂದಿನ ಒಂದು ಶ್ರಾವಣದ ಬೆಳಿಗ್ಗೆ ಅಕ್ಕ ಹಿತ್ತಿಲಲ್ಲಿ ಹಲಸಿನ ಬೀಜ ಸುಲಿಯುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ, "ತಮ್ಮಾ, ನಾ ಹೋದ ಮ್ಯಾಲ ಗ್ವಾಡಿಗೆ ಏನ್ ಹಾಕ್ತಿ? ನನ್ನ ಸೀರಿ ನೇತಹಾಕ್ತಿಯೇನು? ನಂದೊಂದು ಫೋಟೋ ತಗೀ" ಎಂದಳು. ನಾನು ಒಳಗೆ ಓಡಿದೆ. ಅವಳು ಮನಸ್ಸು ಬದಲಾಯಿಸುವ ಮೊದಲೇ ಎಂದು ಕ್ಯಾಮೆರಾ ತಂದು, ದೂರ ಸಾಲದೆ ಹಿಂದೆ ಹಿಂದೆ ಸರಿಯುತ್ತ, ಸೆಗಣಿ ನೀರಿನ ಬಕೆಟ್ಟಿನಲ್ಲಿ ಕಾಲಿಟ್ಟೆ. ಅಕ್ಕ ನಕ್ಕಳು. ಸೆರಗನ್ನು ಬಾಯಿಗೆ ಒಯ್ಯುವುದನ್ನೂ ಮರೆತು, ತಲೆ ಹಿಂದಕ್ಕೆಸೆದು, ಹಲ್ಲುಬಿದ್ದ ಬಾಯಿ ತೆರೆದು ನಕ್ಕಳು, ನಾನು ಬಕೆಟ್ಟಿನಲ್ಲಿ ನಿಂತೇ ಒತ್ತಿದೆ. ಫೋಟೋ ತೆಗೆಯುವವರಿಗೆ ಗೊತ್ತಿರುತ್ತದೆ, ಬೆರಳಿಗೆ ಮೊದಲು ಗೊತ್ತಾಗುತ್ತದೆ, ಇದು ಬಂತು ಎಂದು. ಎಣಿಕೆಯ ಪುಟ್ಟ ಕಿಟಕಿಯಲ್ಲಿ ಮೂವತ್ತೊಂದು ಎಂದಿತ್ತು.

ಮರುದಿನವೇ ತೊಳೆಸಲು ಒಯ್ಯಬಹುದಿತ್ತು. ಆದರೆ ಮೂವತ್ತಾರರ ರೋಲಿನಲ್ಲಿ ಇನ್ನೂ ಐದು ಉಳಿದಿದ್ದವು, ಮತ್ತು ಅರ್ಧಕ್ಕೆ ರೋಲು ತೊಳೆಸುವುದು ನಮ್ಮ ಕಾಲದವರ ಕಣ್ಣಿಗೆ ತಟ್ಟೆಯಲ್ಲಿ ಅನ್ನ ಬಿಟ್ಟೇಳುವಷ್ಟೇ ದೊಡ್ಡ ಅಪರಾಧವಾಗಿತ್ತು. ಅಕ್ಕ ಎರಡು ಸಲ ಕೇಳಿದಳು, "ತೊಳಿಸಿದಿಯೇನೋ?" ಎಂದು. "ಇನ್ನ ಐದ ಅದಾವಕ್ಕಾ, ಮುಗೀಲಿ" ಎಂದೆ. ದಸರಾ ಮುಗಿದು, ದೀಪಾವಳಿಗೆ ಎಂಟು ದಿನ ಇರುವಾಗ ಅವಳು ಹಿಟ್ಟು ನಾದುತ್ತಿದ್ದಲ್ಲೇ ಬಾಜುಕ್ಕೆ ವಾಲಿದಳು. ನಾನು ಅವಳನ್ನು ಎತ್ತಿಕೊಳ್ಳುವುದರೊಳಗೆ ಎಲ್ಲ ಮುಗಿದಿತ್ತು. ಆ ಐದು ಫೋಟೋಗಳಲ್ಲಿ ನಾನು ಯಾವ ಘನಕಾರ್ಯ ಸೆರೆಹಿಡಿಯಬೇಕೆಂದಿದ್ದೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ದಿನಕರ್ಮಗಳು ಮುಗಿದ ಮೇಲೆ, ಉಳಿದ ಐದನ್ನು ಗೋಡೆಗೋ ಮುಗಿಲಿಗೋ ಹೊಡೆದು ಖಾಲಿ ಮಾಡೋಣವೆಂದು ಕ್ಯಾಮೆರಾ ತೆಗೆದರೆ ಅದು ಮುಷ್ಕರ ಹೂಡಿತ್ತು. ಮುಂದೆ ಸರಿಸುವ ಹಿಡಿಕೆ ಕದಲಲಿಲ್ಲ, ರೋಲನ್ನು ಹಿಂದಕ್ಕೆ ಸುತ್ತುವ ಗುಂಡಿಯೂ ತಿರುಗಲಿಲ್ಲ, ಎಣಿಕೆಯೂ ಕೆಟ್ಟು ಸೊನ್ನೆ ತೋರಿಸುತ್ತಿತ್ತು. ರೋಲು ಸುತ್ತದೆ ಹಿಂದಿನ ಮುಚ್ಚಳ ತೆರೆದರೆ ಬೆಳಕು ಬಿದ್ದು ಎಲ್ಲ ಹಾಳು. ಬಲ್ಲವರ ಬಳಿ ಒಯ್ಯಬೇಕು, ಅಷ್ಟೇ ಎಂದುಕೊಂಡೆ. ಬಲ್ಲವರು ಬೆಳಗಾವಿಯಲ್ಲಿ ನಾಲ್ವರಿದ್ದರಲ್ಲ!

ಇದ್ದರು, ಸರಿ. ಖಡೇಬಜಾರದ ಅಂಗಡಿಯಲ್ಲಿ ಈಗ ಮೊಬೈಲಿನ ಕವಚಗಳು ಬಣ್ಣಬಣ್ಣದ ಒಣಮೀನಿನಂತೆ ತೂಗುತ್ತಿದ್ದವು. ಹಳೆಯ ಮಾಲೀಕರ ಮಗ ಕ್ಯಾಮೆರಾ ಇಸಿದುಕೊಂಡು, "ಏನಾಗೈತಿ ಹಿಂದಿಂದ ತಗದ ನೋಡೂಣ ತಡೀರಿ ಕಾಕಾ" ಎಂದು ಮುಚ್ಚಳದ ಚಿಲಕಕ್ಕೆ ಹೆಬ್ಬೆರಳು ಹಾಕಿಯೇಬಿಟ್ಟ. ನಾನು ಕೂಗಿದ ಕೂಗಿಗೆ ಅವನು ತೆರೆಯದೆ ಕೈ ಹಿಂದಕ್ಕೆಳೆದ, ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಗಣಪತ ಗಲ್ಲಿಯ ಅಂಗಡಿ ಸೀರೆಯ ಅಂಗಡಿಯ ಹೊಟ್ಟೆಯೊಳಗೆ ಸೇರಿಹೋಗಿತ್ತು. ಮೂರನೆಯದರ ಬಾಗಿಲು ಮುಚ್ಚಿತ್ತು, ಆರು ತಿಂಗಳು ಬಿಟ್ಟು ಹೋದರೂ ಮುಚ್ಚಿತ್ತು. ಕ್ಯಾಂಪಿನ ವೃದ್ಧ ಮಾಲೀಕರೊಬ್ಬರು ಮಾತ್ರ ಪಾಸ್‌ಪೋರ್ಟ್ ಸೈಜಿನ ಫೋಟೋ ಕತ್ತರಿಸುತ್ತ, "ರೋಲ್ ತೊಳಿಯೋರು ಯಾರ ಉಳದಾರ್ರೀ ಮಾಸ್ತರ? ಬಿಡ್ರಿ ಅದನ್ನ" ಎಂದರು. ಬಿಡುವುದು ಹೇಗೆಂದು ಅವರು ಹೇಳಲಿಲ್ಲ. ಆದರೂ ಬೆಳಗಾವಿಗೆ ಹೋದಾಗಲೆಲ್ಲ ಆ ಕ್ಯಾಮೆರಾ ನನ್ನ ಕೈಚೀಲದಲ್ಲಿರುತ್ತಿತ್ತು, ಅಕ್ಕನ ಹಳೆಯ ಕೌದಿಯ ತುಂಡಿನಲ್ಲಿ ಸುತ್ತಿಕೊಂಡು. ಬಸ್ಸಿನಲ್ಲಿ ಯಾರಾದರೂ ಚೀಲ ಮೇಲಿಡಲು ಕೈಚಾಚಿದರೂ ನಾನು ಕೊಡುತ್ತಿರಲಿಲ್ಲ.

ನಿಮಗೆ ಅನ್ನಿಸಬಹುದು, ಒಂದು ಫೋಟೋಕ್ಕೆ ಇಷ್ಟೇಕೆ ರಾದ್ಧಾಂತ, ಮನಸ್ಸಿನಲ್ಲಿ ಮುಖ ಇದ್ದೇ ಇರುತ್ತದಲ್ಲ ಎಂದು. ನಾನೂ ಹಾಗೇ ನಂಬಿದ್ದೆ. ಆದರೆ ಮನಸ್ಸು ನಾವು ತಿಳಿದಷ್ಟು ನಿಷ್ಠಾವಂತವಲ್ಲ. ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುವಾಗ ಕಾಣುವ ಆ ಹೆದರಿದ ಮುಖ, ನಿಧಾನವಾಗಿ, ನನ್ನ ಅರಿವಿಗೆ ಬಾರದಂತೆ, ನಕ್ಕ ಮುಖದ ಜಾಗದಲ್ಲಿ ಬಂದು ಕೂತಿತು. ಒಂದು ಮಧ್ಯಾಹ್ನ ಪೆನ್ಸಿಲ್ ಹಿಡಿದು ಹಿತ್ತಿಲಲ್ಲಿ ನಗುತ್ತಿದ್ದ ಅಕ್ಕನನ್ನು ಬರೆಯಲು ಕೂತೆ. ಎರಡು ತಲೆಮಾರಿನ ಮಕ್ಕಳಿಗೆ ಮುಖ ಬರೆಯುವುದನ್ನು ಕಲಿಸಿದ ಕೈ ಅದು. ಬಾಯಿ ತೆರೆದು ಬರೆದೆ, ಅಳುವ ಹಾಗೆ ಬಂತು. ಅಳಿಸಿ ಮತ್ತೆ ಬರೆದೆ, ಅಗಲಿಸಿದ ಕಣ್ಣು, ಬಿಗಿದ ತುಟಿ, ಆಧಾರ್ ಕಾರ್ಡೇ ಮೂಡಿತು. ಅಂದು ನನಗೆ ನಿಜಕ್ಕೂ ಭಯವಾಯಿತು. ಅಕ್ಕ ಸತ್ತಿದ್ದು ಒಂದು ಸಲ, ಈಗ ನನ್ನೊಳಗೇ ಮತ್ತೊಂದು ಸಲ ಸಾಯುತ್ತಿದ್ದಳು, ಅದನ್ನು ತಡೆಯುವ ಔಷಧ ಒಂದು ಕೆಟ್ಟ ಕ್ಯಾಮೆರಾದ ಹೊಟ್ಟೆಯೊಳಗೆ ಸಿಕ್ಕಿಕೊಂಡಿತ್ತು.

ಹೋದ ವರ್ಷ ಕ್ಯಾಂಪಿನ ಅದೇ ಮಾಲೀಕರು, ನನ್ನ ಕಾಟ ತಾಳಲಾರದೆ ಇರಬೇಕು, ಹಿಂಡಲಗಾ ರಸ್ತೆಯಲ್ಲಿ ದಸ್ತಗೀರಸಾಬ ಎಂಬುವರಿದ್ದಾರೆ, ಅವರ ತಂದೆಯ ಕಾಲದಿಂದಲೂ ಕ್ಯಾಮೆರಾ ಬಿಚ್ಚುವ ಕೆಲಸ, ಒಮ್ಮೆ ನೋಡಿ ಎಂದರು. ಬೋರ್ಡಿಲ್ಲದ ಒಂದು ಕೋಣೆ. ಎಪ್ಪತ್ತು ದಾಟಿದ ದಸ್ತಗೀರಸಾಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. "ಬರ್ರಿ ಮಾಸ್ತರ್ರ, ಕುಂದರ್ರಿ" ಎಂದವರು ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡ ರೀತಿ ನೋಡಿಯೇ ನಾನು ನಿರಾಳವಾಗಿ ಕೂತೆ. ಕೂಸನ್ನು ಇಸಿದುಕೊಳ್ಳುವಾಗ ಕತ್ತಿಗೆ ಕೈ ಕೊಡುತ್ತಾರಲ್ಲ, ಹಾಗೆ ಲೆನ್ಸಿನ ಕೆಳಗೆ ಅಂಗೈ ಕೊಟ್ಟರು. ಚಿಲಕದ ಹತ್ತಿರವೂ ಬೆರಳು ಒಯ್ಯಲಿಲ್ಲ. ಎಲ್ಲ ಕೇಳಿ, ಎರಡು ತೋಳಿರುವ ಒಂದು ಕರಿಚೀಲ ತೋರಿಸಿದರು. "ಇದರಾಗ ಕೈ ಹಾಕಿ ಕತ್ತಲದಾಗ ತಗೀತೀನ್ರಿ. ತೊಳಿಯೂದು ನನ್ನ ಹತ್ರನ ಆಗತೈತಿ. ಬಣ್ಣ ಬರಂಗಿಲ್ರಿ, ಕರಿ-ಬಿಳಿ ಬರತೈತಿ. ನಡೀತೈತೇನು?" ಅಕ್ಕನ ಸೀರೆಗಳೂ ಬಹುಮಟ್ಟಿಗೆ ಕರಿ-ಬಿಳಿಯವೇ ಆಗಿದ್ದವು. ನಡೀತೈತಿ ಎಂದೆ.

ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಆ ಹದಿನೈದು ದಿನ ನಾನು ಮನುಷ್ಯನಂತಿರಲಿಲ್ಲ. ಗೋಡೆಯ ಮೇಲಿನ ಫೋಟೋ ಇಳಿಸಿ ಮುಖ ಕೆಳಗೆ ಮಾಡಿ ಅಟ್ಟದ ಮೇಲಿಟ್ಟೆ. ಹೊಸ ಫೋಟೋಗೆ ಕಟ್ಟು ಹಾಕಿಸಲು ಅಳತೆ ಕೊಟ್ಟು ಬಂದೆ, ತೇಗದ್ದೇ ಇರಲಿ ಎಂದು ಹೇಳಿ. ಎಂಟು ವರ್ಷಗಳಲ್ಲಿ ಮೊದಲ ಸಲ ಹಲಸಿನ ಬೀಜದ ಪಲ್ಯ ಮಾಡಿಕೊಂಡು ಉಂಡೆ.

ಹೋದಾಗ ದಸ್ತಗೀರಸಾಬರು ಚಹಾ ತರಿಸಿದರು. ಚಹಾ ಮುಗಿಯುವ ತನಕ ನನ್ನ ಮುಖ ನೋಡಲಿಲ್ಲ. ಆಮೇಲೆ ನೆಗೆಟಿವ್ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊದಲ ನಾಲ್ಕೈದು ಚೌಕಗಳಲ್ಲಿ ಮಸುಕಾಗಿ ಪಕ್ಕದ ಮನೆಯವರ ಹೊಸ ಟ್ರ್ಯಾಕ್ಟರು ಇತ್ತು, ನಾಲ್ಕೂ ಮಗ್ಗುಲಿನಿಂದ. ಅಲ್ಲಿಂದ ಮುಂದೆ ಕರ್ರಗಾಗುತ್ತ ಕರ್ರಗಾಗುತ್ತ ಹೋಗಿ, ಮೂವತ್ತೊಂದರ ಜಾಗದಲ್ಲಿ ಇದ್ದಿಲಿನಷ್ಟು ಕಪ್ಪು.

"ಇದನ್ನ ಯಾರರ ಹಿಂದಿಂದ ತಗದಿದ್ರೇನ್ರಿ?"

"ಇಲ್ಲ. ಎಂಟು ವರ್ಷ ಯಾರಿಗೂ ತಗ್ಯಾಕ ಬಿಟ್ಟಿಲ್ಲ ನಾ."

"ತಗದಾರ್ರಿ ಮಾಸ್ತರ್ರ. ಮುಚ್ಚಳಾ ತಗದರನ ಲೆಕ್ಕ ಸೊನ್ನಿಗೆ ಬರೂದು. ಕಡೀದಾಗ ತಗದ ಫೋಟೋ ಸುರಳಿ ಮ್ಯಾಲ ಇರತಾವ, ಬೆಳಕಿಗೆ ಅವ ಮೊದಲ ಹೋಗತಾವ." ನೋಯಿಸಬಾರದೆಂಬಂತೆ ದನಿ ತಗ್ಗಿಸಿ ಹೇಳಿದರು, "ಒಳಗ ಮುಚ್ಚಳಕ್ಕ ಇಬತ್ತಿ ಹಚ್ಚಿದ್ರು ನೋಡ್ರಿ. ಮೂರ ಬಳ್ಳಿನ ಗೆರಿ. ದಸರಾದಾಗ ಪೂಜಾ ಮಾಡಿರಬೇಕು ಯಾರರ ಮನ್ಯಾಗಿನವರು."

ಮನೆಯಲ್ಲಿ ಇದ್ದವರು ಇಬ್ಬರೇ. ಆ ವರ್ಷದ ಖಂಡೇನವಮಿಯ ಬೆಳಿಗ್ಗೆ ನಾನು ಚೆಂಡುಹೂ ತರಲು ಪೇಟೆಗೆ ಹೋಗಿದ್ದೆ. ಮರಳಿ ಬಂದಾಗ ಕುಡುಗೋಲು, ಈಳಿಗೆ, ಹೊಲಿಗೆ ಯಂತ್ರ, ನನ್ನ ಬಣ್ಣದ ಬ್ರಷ್ಷುಗಳ ಸಾಲಿನಲ್ಲಿ ಮೊದಲ ಸಲ ಕ್ಯಾಮೆರಾವೂ ಕೂತಿತ್ತು. ಅದುವರೆಗೆ ಅದರ ಹತ್ತಿರ ಸುಳಿಯದಿದ್ದ ಅಕ್ಕ, ತನ್ನ ಮುಖವನ್ನು ಒಳಗಿಟ್ಟುಕೊಂಡ ಯಂತ್ರವೆಂದು ಅದಕ್ಕೂ ಪೂಜೆ ಸಲ್ಲಿಸಿದ್ದಳು. ಹೊರಗಿನ ವಿಭೂತಿಯನ್ನು ನಾನೇ ಒರೆಸಿದ್ದೆ, ನಕ್ಕಿದ್ದೆ ಕೂಡ. ಒಳಗಿನದು ನನಗೆ ತಿಳಿಯಲಿಲ್ಲ. ಅವಳು ಹೊಲಿಗೆ ಯಂತ್ರದ ತಗಡು ಎತ್ತಿ ಒಳಗೂ ಹಚ್ಚುತ್ತಿದ್ದಳು, ಗಡಿಯಾರದ ಬೆನ್ನು ಬಿಚ್ಚಿ ಒಳಗೂ ಹಚ್ಚುತ್ತಿದ್ದಳು, ಹೊರಗೆ ಹಚ್ಚಿದ್ದು ನೋಡುವವರಿಗೆ, ಒಳಗೆ ಹಚ್ಚಿದ್ದು ದೇವರಿಗೆ ಎನ್ನುತ್ತಿದ್ದಳು. ನಾನು ರೋಲು ತುಂಬುವುದನ್ನು ಮೂವತ್ತು ವರ್ಷ ಬಾಗಿಲ ಸಂದಿಯಿಂದ ನೋಡಿದವಳಿಗೆ ಚಿಲಕ ಎಲ್ಲಿದೆ ಎಂದು ಗೊತ್ತಿರದೆ ಇರುತ್ತದೆಯೇ? ಯಾರ್ಯಾರ ಹೆಬ್ಬೆರಳಿಂದ ನಾನು ಎಂಟು ವರ್ಷ ಆ ಮುಚ್ಚಳವನ್ನು ಕಾಪಾಡಿಕೊಂಡು ಬಂದೆನೋ! ಭಕ್ತಿಯಿಂದ ಅದನ್ನು ತೆರೆದವಳು ಅವಳೇ, ತೆರೆಯಲು ತಿಂಗಳುಗಟ್ಟಲೆ ಅವಕಾಶ ಕೊಟ್ಟವನು ನಾನು.

ಆಗ ಹೊಳೆಯಿತು. ಆ ಮೂರು ಗೆರೆ ಅವಳ ಮೂರು ಬೆರಳು. ಬೆರಳ ಅಗಲ, ನಡುವೆ ಬಿಟ್ಟ ಸಂದು, ಎಳೆದ ರೀತಿ, ಎಲ್ಲ ಆ ತಗಡಿನ ಮೇಲೆ ಬಿಸಿಲು ಗಾಳಿ ಕಾಣದೆ ಹಾಗೇ ಇದ್ದಿರಬೇಕು. "ತೋರಿಸ್ರಿ, ತೋರಿಸ್ರಿ" ಎಂದು ನಾನು ಕ್ಯಾಮೆರಾಕ್ಕೆ ಕೈಚಾಚಿದೆ.

ದಸ್ತಗೀರಸಾಬರು ಮುಚ್ಚಳ ತೆರೆದು ನನ್ನ ಮುಂದೆ ಹಿಡಿದರು. ಒಳಗೆ ಕಪ್ಪು ತಗಡು ಮಿರಮಿರ ಮಿಂಚುತ್ತಿತ್ತು. ಕೆಟ್ಟ ಸುದ್ದಿಯೆಲ್ಲ ಮುಗಿದು, ಒಳ್ಳೆಯದನ್ನು ಹೇಳುವ ಸರದಿ ಬಂತೆಂಬ ಸಮಾಧಾನ ಅವರ ಮುಖದಲ್ಲಿತ್ತು.

"ಆ ಇಬತ್ತಿ ಬೂದಿ ಹಲ್ಲಿನ ಗಾಲಿಯೊಳಗ ಹೊಕ್ಕು ಜಾಮ್ ಆಗಿತ್ತು ನೋಡ್ರಿ. ಎಲ್ಲಾ ಸಾಫ್ ಮಾಡೀನ್ರಿ. ಸ್ಪಿರಿಟ್ ಹಚ್ಚಿ ಒರಸೀನಿ, ಒಂದ ಕಣ ಬಿಟ್ಟಿಲ್ಲ." ಹಿಡಿಕೆ ಸರಿಸಿ ಗುಂಡಿ ಒತ್ತಿದರು, ಕ್ಯಾಮೆರಾ ಟಕ್ಕೆಂದಿತು. ಮತ್ತೊಮ್ಮೆ ಒತ್ತಿದರು. "ಈಗ ಹೊಸಾದರಂಗ ಐತಿ."

ಎರಡು ಕೈಯಿಂದ ಇಸಿದುಕೊಂಡೆ. ಅವರು ನನ್ನ ಬಾಯಿಂದ ಒಂದು ಮಾತಿಗಾಗಿ ಕಾಯುತ್ತಿದ್ದರು.

"ಚೊಲೋ ಮಾಡಿದ್ರಿ" ಎಂದೆ.