ಸರ್ಕಾರಿ ಸೋದರಮಾವ

ಮೊನ್ನೆ ಮಗಳ ಪುಸ್ತಕದ ಬೆನ್ನು ಕಿತ್ತುಬಂತೆಂದು ಮೈದಾ ಅಂಟು ಕಾಯಿಸುತ್ತಿದ್ದೆ. ಹುಳ ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿದ್ದೇ ತಡ, ಆ ವಾಸನೆಗೆ ನನಗೆ ತಡೆಯಲಾರದ ನಗು ಬಂತು. ಅಂಟಿನ ವಾಸನೆಗೆ ನಗುವವರನ್ನು ನೀವು ನೋಡಿರಲಾರಿರಿ. ಮಗಳೂ ನೋಡಿರಲಿಲ್ಲ, ಮೆಲ್ಲಗೆ ದೂರ ಸರಿದು ನಿಂತಳು.

ನಾನು ಆರನೇ ತರಗತಿಯಲ್ಲಿದ್ದಾಗ ರಾಮನಗರದ ನಮ್ಮ ಓಣಿಗೆ ಒಂದು ಪ್ರಕಾಶನ ಬಂತು. ಶಾಲಾಮಕ್ಕಳ ಗೈಡು ಅಚ್ಚುಹಾಕುವ ಪ್ರಕಾಶನ, ಯಜಮಾನರು ಪುಟ್ಟಸ್ವಾಮಿ. ಬಿಡದಿ ಕಡೆ ಫ್ಯಾಕ್ಟರಿಗಳೆದ್ದು ದೊಡ್ಡವರೆಲ್ಲ, ನಮ್ಮಮ್ಮನೂ ಸೇರಿ, ಬೆಳಿಗ್ಗೆಯೇ ಕಂಪನಿ ಬಸ್ಸು ಹತ್ತುತ್ತಿದ್ದ ಕಾಲ. ಹಾಳೆ ಮಡಚಿ ಬೆನ್ನಿಗೆ ಇದೇ ಮೈಲುತುತ್ತದ ಅಂಟು ಬಳಿಯಲು ಉಳಿದವರು ನಾವು. ಬೀದಿ ಸುತ್ತುವುದಕ್ಕಿಂತ ವಾಸಿ ಎಂದರು ತಾಯಂದಿರು. ಮೊದಮೊದಲು ಶಾಲೆ ಬಿಟ್ಟ ಮೇಲೆ ಹೋಗುತ್ತಿದ್ದೆವು, ಆಮೇಲೆ ಶಾಲೆಯನ್ನೇ ಬಿಟ್ಟು ಹೋದೆವು. ಪರೀಕ್ಷೆಯ ಗೈಡು ಮಡಚುವುದಕ್ಕಾಗಿ ಪರೀಕ್ಷೆ ತಪ್ಪಿಸಿಕೊಂಡ ಬುದ್ಧಿವಂತರು ನಾವು.

ನನ್ನ ಪಕ್ಕ ಕೂರುತ್ತಿದ್ದವಳು ಮುಬೀನಾ. ಅವಳ ಕೈಗೆ ಬರುತ್ತಿದ್ದದ್ದು ಏಳನೇ ತರಗತಿಯ ವಿಜ್ಞಾನದ ಗೈಡಿನ ಒಂದೇ ಭಾಗ. ಹಾಗಾಗಿ ಹೃದಯ, ಶ್ವಾಸಕೋಶ ಎಲ್ಲ ಬಾಯಿಪಾಠ. ಹೊಟ್ಟೆಯ ಪಾಠ ಮಾತ್ರ ಬೇರೆ ಯಾರದೋ ಪಾಲಿನಲ್ಲಿತ್ತು. ಅದನ್ನು ಏಳನೇ ತರಗತಿಗೆ ಹೋಗಿಯೇ ಓದುತ್ತೇನೆ ಎನ್ನುತ್ತಿದ್ದಳು. ನನಗೆ ಅಂಥ ಆತುರವೇನೂ ಇರಲಿಲ್ಲ, ಅವಳಿಗಿತ್ತು.

ಒಂದು ದಿನ ಮಕ್ಕಳನ್ನು ದುಡಿಸುತ್ತಾರೆಯೇ ಎಂದು ನೋಡಲು ಒಬ್ಬ ಅಧಿಕಾರಿ ಬಂದರು. ಆಗಿನ ಕಾನೂನಿನಲ್ಲಿ, ಮನೆಮಂದಿಯೇ ನಡೆಸುವ ಕೆಲಸಕ್ಕೆ ಆ ಮನೆಯ ಮಕ್ಕಳು ಕೈ ಹಾಕಬಹುದಿತ್ತು. ಪುಟ್ಟಸ್ವಾಮಿಯವರು ತೂರಿಕೊಳ್ಳಲು ಅಷ್ಟು ಸಂದು ಸಾಕಾಯಿತು. ಎಲ್ಲ ನಮ್ಮ ಅಕ್ಕತಂಗಿಯರ ಮಕ್ಕಳು, ನಾನು ಸೋದರಮಾವ ಎಂದುಬಿಟ್ಟರು. ಅಧಿಕಾರಿ ನನ್ನನ್ನು ನೋಡಿದರು, ಮುಬೀನಾಳನ್ನು ನೋಡಿದರು, ಇಷ್ಟೊಂದು ಅಕ್ಕತಂಗಿಯರಿರುವ ಪುಣ್ಯವಂತರನ್ನು ನೋಡಿದರು, ಕಾಫಿ ಕುಡಿದು ಹೋದರು.

ಆ ವಾರ ಸಾತನೂರಿನಿಂದ ಅಜ್ಜಿ ಬಂದಿದ್ದಳು. ನಾನು ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಇನ್ನೊಮ್ಮೆ ಹೇಳಿಸಿದಳು. ನಿಮಗೆ ಗೊತ್ತಲ್ಲ, ನಮ್ಮ ಕಡೆ ಸೋದರಮಾವನೆಂದರೆ ಬರಿಬಾಯಿಯ ನೆಂಟನಲ್ಲ. ಮಗುವಿಗೆ ಮುಡಿ ತೆಗೆಸುವುದು, ಕಿವಿ ಚುಚ್ಚಿಸುವುದು ಅವನ ತೊಡೆಯ ಮೇಲೆ. ಓಲೆ, ಬಟ್ಟೆ ಅವನ ಕೈಯಿಂದ. ಭಾನುವಾರ ಅಜ್ಜಿ ಓಣಿಯ ತಾಯಂದಿರನ್ನೆಲ್ಲ ಹೊರಡಿಸಿ, ಕಿವಿ ಚುಚ್ಚದ ಕೂಸುಗಳನ್ನೆಲ್ಲ ಅವರ ಕಂಕುಳಿಗೇರಿಸಿ, ಹಣ್ಣುಕಾಯಿ ತಟ್ಟೆ ಹಿಡಿದು ಪ್ರೆಸ್ಸಿಗೆ ನುಗ್ಗಿದಳು.

"ಸರ್ಕಾರದ್ ಮುಂದೆ ಮಾವ ಅಂದ್ಮೇಲೆ ಮಾವನ್ ಕೆಲ್ಸ ಮಾಡ್ಬೇಕಲ್ಲಪ್ಪ. ಕೆಂಗಲ್ ಆಂಜನೇಯನ್ ತಾವ ಕಿವಿ ಚುಚ್ಚುಸ್ತೀವಿ, ಒಸಿ ತೊಡೆ ಕೊಡು. ಈ ಮುಬೀನಾಗೆ ರಂಜಾನ್ ಬಟ್ಟೆನೂ ನಿಂದೇಯ."

ಹೇಳುತ್ತಲೇ ಒಂದು ಕೂಸನ್ನು ಅವರ ಮಡಿಲಿಗೆ ಹಾಕಿದಳು. ಕೂಸು ತನ್ನ ಪಾಲಿನ ಕೆಲಸವನ್ನು ಧಾರಾಳವಾಗಿ ಮಾಡಿತು. ಪುಟ್ಟಸ್ವಾಮಿ ಒದ್ದೆ ಪಂಚೆಯಲ್ಲಿ ಬೀದಿಗೆ ಬಂದು, ಇವರಿಗೂ ನನಗೂ ಯಾವ ಸಂಬಂಧವೂ ಇಲ್ಲವೆಂದು ಆಂಜನೇಯನ ಮೇಲೆ ಆಣೆಯಿಟ್ಟರು.

"ಸಂಬಂಧ ಇಲ್ದಿದ್ಮೇಲೆ ನಮ್ ಮಕ್ಳು ಇಲ್ಲಿ ಯಾಕವೆ?" ಎಂದಳು ಅಜ್ಜಿ.

ತಾಯಂದಿರು ಮುಖ ಮುಖ ನೋಡಿಕೊಂಡರು. ಸೋಮವಾರ ನಾವೆಲ್ಲ ಶಾಲೆಯಲ್ಲಿದ್ದೆವು. ಮುಬೀನಾ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಆದರೆ ಪುಟ್ಟಸ್ವಾಮಿಯವರು ಕಾನೂನನ್ನು ನಮಗಿಂತ ಚೆನ್ನಾಗಿ ಓದಿದ್ದರು. ಹಾಳೆಗಳನ್ನು ಆಟೋಗೆ ಹೇರಿ ಮನೆಮನೆಗೇ ಕಳಿಸತೊಡಗಿದರು. ಮಕ್ಕಳು ತಮ್ಮ ಮನೆಯಲ್ಲೇ ಕೂತು ಮಡಚಿದರೆ ಅದು ಸಾಕ್ಷಾತ್ ಮನೆಮಂದಿಯ ಕೆಲಸ, ಕೇಳುವವರಿಲ್ಲ. ನಮ್ಮ ಬಾಗಿಲಿಗೆ ಬಂದ ಆಟೋವನ್ನು ಅಜ್ಜಿ ಪೊರಕೆ ಹಿಡಿದು ಓಡಿಸಿದಳು. ಅದು ಮುಂದಿನ ತಿರುವಿನಲ್ಲಿದ್ದ ಮುಬೀನಾಳ ಮನೆಗೆ ಹೋಯಿತು. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಮೊನ್ನೆ ಅಂಟನ್ನು ಒಲೆಯಿಂದಿಳಿಸಿ ಅವಳಿಗೆ ಫೋನು ಮಾಡಿದೆ. ಈಗ ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಾಕುತ್ತಾಳೆ. ಒದ್ದೆ ಪಂಚೆಯನ್ನು ನೆನಪಿಸಿಕೊಂಡು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುನಗುತ್ತಲೇ ಅವಳೆಂದಳು:

"ನಿಮ್ಮಜ್ಜಿ ಆ ಪೊರಕೆ ಹಿಡ್ಕಂಡು ನಮ್ ಬಾಗ್ಲಿಗೂ ಒಂದ್ಸಲ ಬಂದಿದ್ರೆ ಆಗೋಗ್ತಿತ್ತು ಕಣೇ."

ಇಷ್ಟು ವರ್ಷ ನಾನಿದನ್ನು ಅಜ್ಜಿ ಗೆದ್ದ ಕಥೆಯೆಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.